ಜಲಜನಕವೂ ಭಾವಮೈದುನನ ಬಂಕೂ

ಹೆಂಡತಿಯ ತಮ್ಮನಿಗೆ ಪೆಟ್ರೋಲ್ ಬಂಕ್ ಇದ್ದರೆ ಗಂಡನಾದವನ ಮರ್ಯಾದೆ ಮೂರಾಬಟ್ಟೆ. ಇದು ಮಾನ್ವಿಯ ಬಸ್ ಕಂಡಕ್ಟರ್ ಹನುಮಂತರಾಯರು ಇಪ್ಪತ್ತು ವರ್ಷದ ಸಂಸಾರದಲ್ಲಿ ಕಂಡುಕೊಂಡ ಸತ್ಯ. ದೇವದುರ್ಗದಿಂದ ಕೊಟ್ರೇಶ ಬಂದಾಗಲೆಲ್ಲ ಅದೇ ಮಾತು: "ಡೀಸಲ್ ಇಲ್ಲಂದ್ರ ನಿಮ್ಮ ಬಸ್ಸು ಹೋಗ್ತದೇನ್ರಿ ಮಾಮಾ? ಬರೇ ನೀವು ರೈಟ್ ಅಂದ್ರ ಆತೇನು?" ಸುನಂದಾ (ಇವರ ಹೆಂಡತಿ, ಅವನ ಅಕ್ಕ; ಎರಡನೆಯದೇ ಕಾಯಂ ಹುದ್ದೆ) ಸೆರಗು ಬಾಯಿಗಿಟ್ಟು ನಗುವರು.

ಅಂಥ ರಾಯರಿಗೆ ರಾಯಚೂರು ಬಸ್ಸಿನಲ್ಲಿ ಯರಗೇರಾದ ಮೇಷ್ಟ್ರೊಬ್ಬರು ಜ್ಞಾನೋದಯ ಮಾಡಿಸಿದರು. ಮುಂದೆ ಗಾಡಿ ಓಡುವುದು ಹೈಡ್ರೋಜನ್ ಮೇಲಂತೆ, ಅಂದರೆ ಜಲಜನಕ. ನೀರಿಗೆ ಕರೆಂಟು ಕೊಟ್ಟರೆ ಬರುತ್ತದೆ. ಉರಿದರೆ ಹೊಗೆಯಿಲ್ಲ, ಮತ್ತೆ ನೀರೇ ಆಗುತ್ತದೆ. ಆ ಖುಷಿಯಲ್ಲಿ ರಾಯರು ಎರಡು ಸ್ಟಾಪ್ ಕೂಗುವುದನ್ನೇ ಮರೆತರು.

"ಐತವಾರ ನಿನ್ನ ತಮ್ಮನ ಮುಂದ ಜಲಜನಕದ ಮ್ಯಾಲ ಚಾ ಕಾಸ್ತೀನಿ. ಅವನ ಬಂಕು ಬಂದ್!" ಎಂದು ಮನೆಯಲ್ಲಿ ಘೋಷಿಸಿದರು.

"ಮದ್ಲ ಚಾಪುಡಿ ತರ್ರಿ," ಎಂದರು ಸುನಂದಾ.

ಐತವಾರ ಸುನಂದಾ ಗುಡಿಗೆ ಹೋದದ್ದೇ ತಡ, ಪ್ರಯೋಗ ಶುರುವಾಯಿತು. ನೀರು ಹೆಚ್ಚಿದ್ದಷ್ಟೂ ಜಲಜನಕ ಹೆಚ್ಚು ಎಂಬುದು ರಾಯರ ಲೆಕ್ಕಾಚಾರ. ನಳ ಮೂರು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಹೆಂಡತಿ ಸೋಸಿ, ಅರಿವೆ ಕಟ್ಟಿ ಕಾಪಾಡಿದ್ದ ಕುಡಿಯುವ ನೀರಿನ ಡ್ರಮ್ಮೇ ಕಣ್ಣಿಗೆ ಬೀಳಬೇಕೆ! ಕರೆಂಟು ಚೆನ್ನಾಗಿ ಹರಿಯಲೆಂದು ಅಡುಗೆ ಸೋಡಾದ ಪೊಟ್ಟಣವನ್ನು ಪೂರ್ತಿ ಸುರಿದರು. ಹಳೇ ಬೈಕಿನ ಬ್ಯಾಟರಿಗೆ ವೈರು, ವೈರಿಗೆ ಎರಡು ಚಮಚ, ನೀರಲ್ಲಿ ಮುಳುಗಿದ ಆ ಚಮಚಗಳ ಮೇಲೆ ಬೋರಲು ಹಾಕಿದ ಲೋಟ.

ಕೊಟ್ರೇಶ ಬಂದು ಕೂತಾಗ ಗುಳ್ಳೆಗಳು ಏಳುತ್ತಿದ್ದವು. ರಾಯರು ಲೋಟವೆತ್ತಿ ಅದರ ಬಾಯಿಗೆ ಕಡ್ಡಿ ಗೀರಿ ಹಿಡಿದರು.

ಟಪ್!

ಅಷ್ಟೇ. ಎಡಗಡೆಯ ಮೀಸೆ ಅರ್ಧ ಸುಟ್ಟಿತು. ಚಾದ ಪಾತ್ರೆ ತಣ್ಣಗೇ ಕೂತಿತ್ತು. ಆದರೂ ರಾಯರು ಲೋಟದೊಳಗೆ ಬೆರಳಾಡಿಸಿ, "ನೋಡಲೇ, ನೀರಾಗ್ಯದ!" ಎಂದು ಕುಣಿದರು.

"ನೀರಾಗ ಮುಳುಗ್ಸಿದ ಲೋಟಾ ಹಸಿ ಆಗಲಾರದ ಇರ್ತದೇನ್ರಿ?" ಎನ್ನುತ್ತಲೇ ಒಳಬಂದ ಸುನಂದಾ, ವೈರು ಚಮಚ ಬದಿಗೆ ಸರಿಸಿ, ಬಿಸಿಲಲ್ಲಿ ಬಂದ ತಮ್ಮನಿಗೆ ಅದೇ ಡ್ರಮ್ಮಿನಿಂದ ಒಂದು ಚೊಂಬು ತುಂಬಿಕೊಟ್ಟರು. ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಯಕ್ಕಾ, ಇದ್ರಾಗ ಏನ್ ಹಾಕೀದಿ?"

ಸುನಂದಾರ ಕಣ್ಣು ಖಾಲಿ ಪೊಟ್ಟಣದ ಮೇಲೆ ಬಿತ್ತು.

"ಅಯ್ಯೋ ನನ್ನ ಶಿವನೇ! ಮೂರು ದಿನದ ನೀರ್ರೀ ಅದು! ಜಲಜನಕ ಅಂದ್ರ ನೀರು ಹುಟ್ಟಿಸಾವ ಹೌದಲ್ರಿ? ಹೋಗ್ರಿ, ಹುಟ್ಟಿಸ್ಕೊಂಡು ಬರ್ರಿ!" ಎಂದು ಎರಡು ಕೊಡ ಕೈಗೆ ತುರುಕಿದರು.

ಕುಡಿಯುವ ನೀರು ಸಿಗುವುದು ಊರಿನ ಆ ತುದಿಯಲ್ಲಿ. ಕೊಟ್ರೇಶ ಜೀಪು ಚಾಲು ಮಾಡಿದ. ಕರೀ ಹೊಗೆ ರಾಯರ ಮುಖಕ್ಕೇ ಬಂತು.

"ಹತ್ರಿ ಮಾಮಾ. ಡೀಸಲ್ ಗಾಡಿ, ನಡೀತದಲ್ರಿ?"

ರಾಯರು ಕೆಮ್ಮುತ್ತಲೇ ಹತ್ತಿದರು. ಜೀಪು ಮಾತ್ರ ಹೊರಡಲಿಲ್ಲ.

"ಯಾಕಲೇ, ನಿಂತುಬಿಟ್ಟಿ?"

"ನೀವು ಹೇಳ್ಬೇಕಲ್ರಿ, ಮಾಮಾ."

ಅರ್ಧ ಮೀಸೆಯ ಹನುಮಂತರಾಯರು ಎರಡೂ ಕೊಡಗಳನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಇಡೀ ಸರ್ವಿಸಿನಲ್ಲೇ ಅತಿ ಸಣ್ಣ ದನಿಯಲ್ಲಿ, "ರೈಟ್" ಎಂದರು.