ಶಾಣ್ಯಾಕಿ ಹೋಗಿ ಹೊಸಾಕಿ ಬಂದದ್ದು

ಕೈ ಖಾಲಿ ಇದ್ದಾಗ ನಮ್ಮ ಮನೆಗೆ ಯಾವ ಸುದ್ದಿಯೂ ಬರುವುದಿಲ್ಲ. ಹಿಟ್ಟಿನಲ್ಲಿ ಕೈ ಇರಬೇಕು, ಇಲ್ಲವೇ ಒಲೆಯ ಮೇಲೆ ಹಾಲಿರಬೇಕು, ಆಗಲೇ ಫೋನು ಬಾಯಿ ಬಿಡುತ್ತದೆ. ಅವತ್ತು ನಾನು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದೆ. ನೀಲಕ್ಕನ ಫೋನು. ಮೊಣಕೈಯಿಂದ ಒತ್ತಿ ಕಿವಿಗೊಟ್ಟರೆ, ಆಕೆ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, "ನಾಳಿಂದ ನಮ್ಮ ಶಾಣ್ಯಾಕಿ ಇರೂದಿಲ್ಲ ನೋಡವಾ" ಅಂದಳು. ಹೋಗುವಾಕೆ ಮನುಷ್ಯಳಲ್ಲವೆಂದು ನೆನಪಾಗಲು ಒಂದು ಗಳಿಗೆ ಬೇಕಾಯಿತು. ಮೊರದ ಜೋಳ ಚೆಲ್ಲಲಿಲ್ಲ, ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಶಾಣ್ಯಾಕಿ ಎಂದರೆ ಫೋನಿನೊಳಗಿನ ಸಹಾಯಕಿ. ಗಜೇಂದ್ರಗಡದಲ್ಲಿ ನೀಲಕ್ಕ ಒಂದು ರೊಟ್ಟಿ ಕೇಂದ್ರ ನಡೆಸುತ್ತಾಳೆ. ಮನೆಗೆಲಸ ತೀರಿಸಿಕೊಂಡು ನಾವು ಕೆಲವರು ಮಧ್ಯಾಹ್ನ ಅಲ್ಲಿ ಕೂತು ಖಡಕ್ ರೊಟ್ಟಿ ಬಡಿಯುತ್ತೇವೆ. ರೋಣ, ನರಗುಂದದ ಖಾನಾವಳಿಗಳಿಗೆ ಹೋಗುತ್ತವೆ. ಯಾರಿಗೆ ಎಷ್ಟು ರೊಟ್ಟಿ, ಯಾವ ದಿನ ಯಾರು ಬಡಿಯಲು ಬರಬೇಕು, ಇದನ್ನೆಲ್ಲ ನೆನಪಿಡುವುದು ನೀಲಕ್ಕನಿಗೆ ಆಗದಾದಾಗ, ನರಗುಂದದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಆಕೆಯ ಅಳಿಯ ಈರಣ್ಣ ಇದನ್ನು ಹಾಕಿಕೊಟ್ಟಿದ್ದ. ಮಾತಾಡಿದರೆ ಸಾಕು, ಉತ್ತರ ಕೊಡುತ್ತಿತ್ತು. ನಾವು ಹೆಣ್ಣು ಮಾಡಿ ಶಾಣ್ಯಾಕಿ, ಅಂದರೆ ಜಾಣೆ, ಎಂದು ಹೆಸರಿಟ್ಟೆವು. ಎಲ್ಲವೂ ಗೊತ್ತಿದ್ದು ಒಂದೂ ಕೆಲಸ ತಾನಾಗಿ ಮಾಡದವಳಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ?

ಅವಳ ದೋಷ ಒಂದೇ, ಕೇಳುವುದು. ವಾರದ ಪಾಳಿ ಹಚ್ಚುವಾಗ ಪ್ರತಿಯೊಬ್ಬರ ಹೆಸರು ಹಿಡಿದು, 'ಇವರನ್ನು ಕರೆಯಬೇಕೇ? ಸಂದೇಶ ಬರೆದಿದ್ದೇನೆ, ಕಳಿಸುತ್ತೀರಾ?' ಎಂದು ಕೇಳುತ್ತಿದ್ದಳು. ಕಳಿಸುವ ಗುಂಡಿಯನ್ನು ನೀಲಕ್ಕನೇ ಒತ್ತಬೇಕು. ಆಕೆಯ ಬೆರಳಿಗೆ ಸದಾ ಹಿಟ್ಟು. "ನಮ್ಮತ್ತಿನೂ ಇಷ್ಟ ಕೇಳಿರಲಿಲ್ಲವಾ" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

ಮರುದಿನ ಈರಣ್ಣ ಬಂದ. ಹಳೆಯದನ್ನು ಕಂಪನಿಯವರೇ ನಿಲ್ಲಿಸುತ್ತಾರಂತೆ, ಅದರ ಬದಲು ಹೊಸ ಜಾತಿಯದು. "ಇದು ಏಜೆಂಟ್ ನೋಡ್ರಿ ಅತ್ತೀ. ಹಳೇದು ಬರೇ ಹೇಳತಿತ್ತು, ಇದು ತಾನ ಮಾಡತೈತಿ. ನಿಮ್ಮನ್ನ ಕೇಳೂದಿಲ್ಲ, ಕಾಡೂದಿಲ್ಲ."

"ಕಾಡದ ಏಜೆಂಟನ್ನ ನಾ ಇನ್ನೂ ಕಂಡಿಲ್ಲ ಅಳಿಯಾರ" ಅಂದಳು ನೀಲಕ್ಕ. ವಿಮೆಯ ಏಜೆಂಟ ಹಬ್ಬದ ದಿನವೂ ಬಿಡದೆ ಬಂದು ಹೋಳಿಗೆ ತಿಂದು ಹೋದದ್ದು ಆಕೆಗೆ ನೆನಪಿತ್ತು.

ನಾನು ಸುಮ್ಮನಿರದೆ, ಅಮಾವಾಸ್ಯೆ ಕಳೆದು ಸೋಮವಾರ ಮಾಡಿರೆಂದು ಹೇಳಿದೆ. ಈರಣ್ಣ ನಕ್ಕ, ಆದರೆ ಅತ್ತೆಯ ಮುಂದೆ ಎದುರಾಡಲಿಲ್ಲ. ಸೋಮವಾರ ಫೋನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದೆವು. ಕಾಯಿ ಕೆಟ್ಟಿರಲಿಲ್ಲ. ಒಂದು ಮಾತು ಕೇಳಿದ ಅವನು: "ಇಲ್ಲೀ ಮಟಾ ಶಾಣ್ಯಾಕಿಗೆ ನೀವು ಹೇಳಿದ್ದೆಲ್ಲಾ ಹೊಸಾಕಿಗೆ ಒಪ್ಪಸಲೇನ್ರಿ? ಒಮ್ಮೆ ನೋಡಿ, ಬ್ಯಾಡಾದ್ದು ತಗೀತೀರೇನು?" ನೀಲಕ್ಕ ಹೆಂಚಿನ ಮೇಲಿನ ರೊಟ್ಟಿ ನೋಡುತ್ತಲೇ, "ಎಲ್ಲಾ ಒಪ್ಪಸ್ರಿ. ಒಂದೂ ಬಿಡಬ್ಯಾಡ್ರಿ" ಅಂದಳು. ನಾವು ಮನೆ ಬದಲಿಸುವುದೂ ಹೀಗೆಯೇ. ಮುರಿದ ಮಣೆ, ಮುಚ್ಚಳವಿಲ್ಲದ ಡಬ್ಬಿ, ಎಲ್ಲ ಗಾಡಿ ಏರುತ್ತವೆ. ಬಿಟ್ಟು ಬಂದರೆ ಏನೋ ಕಳೆದೀತೆಂಬ ಭಯ.

ಹೊಸಾಕಿ ಬಂದ ಮೇಲೆ ಕೇಂದ್ರದಲ್ಲಿ ನೆಮ್ಮದಿಯೋ ನೆಮ್ಮದಿ. ಪಾಳಿ ತಾನೇ ಹಚ್ಚಿದಳು, ಸಂದೇಶ ತಾನೇ ಕಳಿಸಿದಳು, ರೋಣದ ಖಾನಾವಳಿಯವನಿಗೆ 'ನಾಳೆ ಬೆಳಿಗ್ಗೆ ಬಸ್ಸಿಗೆ ಇಡುತ್ತೇವೆ' ಎಂದು ಮೊದಲೇ ಹೇಳಿದಳು. ಯಾರನ್ನೂ ಏನೂ ಕೇಳಲಿಲ್ಲ. ಬರೀ ರೊಟ್ಟಿ ಬಡಿಯುವ ಸಪ್ಪಳ. ದೇವರ ಮುಂದೆ ನಾನು ದಿನಾ ಬೇಡುವುದೂ ಇಂಥದ್ದೇ, 'ತಂದೆ, ನನ್ನನ್ನು ಕೇಳುತ್ತ ಕೂಡಬೇಡ, ನಿನಗೆ ತಿಳಿದಂತೆ ನಡೆಸು' ಎಂದು. ಅವನು ನಡೆಸದ್ದನ್ನು ಫೋನು ನಡೆಸುತ್ತಿದೆಯೆಂದು ಬಾಯಿತಪ್ಪಿ ಅಂದು, ಕೆನ್ನೆ ಬಡಿದುಕೊಂಡೆ.

ಶ್ರಾವಣದ ಸೋಮವಾರ ಕಾಲಕಾಲೇಶ್ವರನ ಗುಡಿಗೆ ಹೋಗಿದ್ದೆ. ಮೆಟ್ಟಿಲಿನ ಮೇಲೆ ಗೌರವ್ವ ಕೂತಿದ್ದಳು. ರಾಜೂರಿನವಳು, ನಮ್ಮ ಜೊತೆ ರೊಟ್ಟಿ ಬಡಿಯುತ್ತಿದ್ದವಳು. ಬೇಸಿಗೆಯಲ್ಲಿ ಗಂಡ ತೀರಿಕೊಂಡ ಮೇಲೆ ಬಂದಿರಲಿಲ್ಲ. ದುಃಖ ಇನ್ನೂ ಆರಿಲ್ಲವೆಂದು ನಾವೆಲ್ಲ ತಿಳಿದಿದ್ದೆವು, ಆಗಾಗ ನಿಟ್ಟುಸಿರನ್ನೂ ಬಿಟ್ಟಿದ್ದೆವು. ನಾನು ಪಕ್ಕದಲ್ಲಿ ಕೂತು, "ಹ್ಯಾಂಗಿದ್ದೀ ಗೌರವ್ವಾ? ಭಾಳ ಸೊರಗೀದಿ" ಅಂದೆ.

ಆಕೆ ನನ್ನನ್ನು ನೋಡಲಿಲ್ಲ. "ಗಂಡ ಸತ್ತಾಕಿ ಕೈಯಾಗಿನ ರೊಟ್ಟಿ ಮಂದಿ ತಿನ್ನೂದಿಲ್ಲೇನ್ರಿ ಯಕ್ಕಾ?" ಅಂದಳು.

"ಯಾರಂದ್ರ ಹಂಗ?"

"ಯಾರೂ ಅನ್ನಲಿಲ್ಲ. ಯಾರೂ ಕರೀಲೂ ಇಲ್ಲ."

ನಮ್ಮಲ್ಲಿ ಸಾವಾದ ಮನೆಯ ಹೆಣ್ಣುಮಗಳು ತಾನಾಗಿ ಇನ್ನೊಬ್ಬರ ಹೊಸ್ತಿಲು ತುಳಿಯುವುದಿಲ್ಲ. ಯಾರಾದರೂ ಮೊದಲು ಕರೆಯಬೇಕು. ಆಕೆ ಫೋನು ಮಡಿಲಲ್ಲಿಟ್ಟುಕೊಂಡು ಕಾದಿದ್ದಾಳೆ. ನಾವು ಆಕೆ ಬರುತ್ತಾಳೆಂದು ಕಾದಿದ್ದೇವೆ. ನಡುವೆ ಹೊಸಾಕಿ ಯಾರನ್ನೂ ಕೇಳದೆ ಪಾಳಿ ಹಚ್ಚುತ್ತಿದ್ದಾಳೆ.

ಗುಡಿಯಿಂದ ನೆಟ್ಟಗೆ ಕೇಂದ್ರಕ್ಕೆ ಬಂದು ಗೌರವ್ವನ ಮಾತು ಹೇಳಿದೆ. ನೀಲಕ್ಕ ಫೋನನ್ನೇ ಕೇಳಿದಳು, ದನಿ ಏರಿಸಿ: "ಗೌರವ್ವನ್ನ ಯಾಕ ಕರೀಲಿಲ್ಲ ನೀ?" ಅದು ತಣ್ಣಗೆ, "ಅವರನ್ನು ಕರೆಯಬೇಡ ಎಂದು ನೀವು ಹೇಳಿದ್ದೀರಿ. ಮನೆಯಲ್ಲಿ ಸಾವಾಗಿದೆ ಎಂದಿದ್ದೀರಿ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ" ಅಂದಿತು. ಸುಳ್ಳಲ್ಲ. ಸಾವಿನ ವಾರ ನೀಲಕ್ಕ ಹಾಗೆ ಹೇಳಿದ್ದು ಮರ್ಯಾದೆಗಾಗಿ, ಸೂತಕದ ಮನೆಗೆ ಕೆಲಸದ ಕರೆ ಹೋಗಬಾರದೆಂದು. ಶಾಣ್ಯಾಕಿ ಇದ್ದಾಗ ವಾರ ವಾರ 'ಗೌರವ್ವ ಅವರನ್ನು ಕರೆಯಬೇಕೇ?' ಎಂದು ಕೇಳುತ್ತಿದ್ದಳು, ನೀಲಕ್ಕ "ಇನ್ನಾ ಬ್ಯಾಡ" ಎನ್ನುತ್ತಿದ್ದಳು. ಇನ್ನೆರಡು ಸಲ ಕೇಳಿದ್ದರೆ 'ಹೂಂ' ಅನ್ನುತ್ತಿದ್ದಳು. ಅಷ್ಟರಲ್ಲಿ ಶಾಣ್ಯಾಕಿ ಹೋದಳು. 'ಬ್ಯಾಡ' ಎಂಬ ಮಾತು ಮಾತ್ರ ಗಾಡಿ ಏರಿ ಹೊಸ ಮನೆಗೆ ಬಂತು.

"ಯವ್ವಾ, ಹೆಂಚು ಕಾದು ಹೊಗಿ ಬಂದರೂ ನೋಡಲಾರದ ಕೂತೇವಲ್ಲ" ಎಂದು ನೀಲಕ್ಕ ಹಣೆ ಚಚ್ಚಿಕೊಂಡಳು. ಮರುದಿನವೇ ಇಬ್ಬರೂ ರಾಜೂರಿಗೆ ಹೋದೆವು. ಗೌರವ್ವ ಚಾಪೆ ಹಾಸಿದಳು, ಚಹಾ ಇಟ್ಟಳು. ನೀಲಕ್ಕ ಹಳೇದು, ಹೊಸಾದು, ಏಜೆಂಟು, ಅಳಿಯ, ಎಲ್ಲವನ್ನೂ ಬಿಡಿಸಿ ಹೇಳಿದಳು. ತಪ್ಪನ್ನು ಅಳಿಯನ ಮೇಲೆ ಸ್ವಲ್ಪ ಜಾಸ್ತಿಯೇ ಹಾಕಿದಳು. ನಾನು ನಡುನಡುವೆ "ಖರೇ ಐತಿ" ಅಂದೆ. ಗೌರವ್ವ ಪೂರ್ತಿ ಕೇಳಿ, ಚಹಾದ ಬಸಿ ಕೆಳಗಿಟ್ಟು, "ಫೋನಿಗೆ ಬ್ಯಾಡ ಅಂದಿದ್ರಿ, ಅದು ಕರೀಲಿಲ್ಲ. ನಿಮಗ ಯಾರ ಬ್ಯಾಡ ಅಂದಿದ್ರು?" ಅಂದಳು.

ರಾಜೂರೇನು ಕಾಶಿಯಲ್ಲ. ಬಸ್ಸು ಹತ್ತಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುವ ಊರು. ನೀಲಕ್ಕ ಕಡೆಗೆ, "ನಾಳಿಂದ ಬಾರವಾ, ತಪ್ಪಾತು" ಅಂದಳು. ಗೌರವ್ವ "ನೋಡೂಣ್ರಿ" ಅಂದಳು. ಚಹಾಕ್ಕೆ ಸಕ್ಕರೆ ಹಾಕಿದ್ದಳು. ಅದನ್ನೊಂದು ಒಳ್ಳೆಯ ಸೂಚನೆಯೆಂದು ಬಸ್ಸಿನಲ್ಲಿ ನಾನು ನೀಲಕ್ಕನಿಗೆ ಹೇಳಿದೆ.

ಆಮೇಲೆ ಹೊಸಾಕಿ ಗೌರವ್ವನಿಗೆ ತಪ್ಪದೆ ಸಂದೇಶ ಕಳಿಸುತ್ತಿದ್ದಾಳೆ, ಸವಿಯಾಗಿ, ಸರಿಯಾದ ಹೊತ್ತಿಗೆ. ಆಕೆ ಬರುತ್ತಿಲ್ಲ. ನೀಲಕ್ಕನಿಗೆ ಮತ್ತೆ ಮುಖ ತೋರಿಸುವ ಧೈರ್ಯವಿಲ್ಲ. ಈ ಗುರುವಾರ ನಾನೊಬ್ಬಳೇ ಹೋಗಿ, ಕೈಹಿಡಿದು ಕರೆತರುತ್ತೇನೆಂದು ದೇವರಿಗೆ ದೀಪ ಹಚ್ಚಿ ಹೇಳಿಕೊಂಡೆ. ಸೀರೆ ಬದಲಿಸಿದೆ. ಚಪ್ಪಲಿ ಮೆಟ್ಟಿದೆ. ಅಷ್ಟರಲ್ಲಿ ಓಣಿಯೆಲ್ಲ ಒಂದೇ ಕೂಗು: "ನಳಾ ಬಂತು, ನಳಾ ಬಂತು!" ನಮ್ಮ ಕಡೆ ನೀರು ಬಂದಾಗ ಹಿಡಿದವರೇ ಜಾಣರು, ಮತ್ತೆ ಯಾವಾಗಲೋ. ಈ ಕಾರಣ ಹೇಳಿದರೆ ಗೌರವ್ವ ನಂಬುತ್ತಾಳೆ, ಆಕೆಯೂ ನೀರು ತುಂಬುವವಳೇ. ಫೋನಿನ ಮೇಲೆ ಹೊರಿಸಿ ಆಯಿತು, ಅಳಿಯನ ಮೇಲೆ ಹೊರಿಸಿ ಆಯಿತು, ಈಗ ನಳವೂ ಸಿಕ್ಕಿತು. ನನಗೆ ನೆಪ ಒದಗಿಸುವುದರಲ್ಲಿ ದೇವರು ಎಂದೂ ಕಡಿಮೆ ಮಾಡಿಲ್ಲ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಕೊಡ ತೊಳೆದು ನಳದ ಕೆಳಗಿಟ್ಟೆ.