ಲುಪಿಕಿನಸ್ ಊರಬಾಗಿಲು ಮುಚ್ಚಿದ್ದು

ಬೆಳ್ಳಂಬೆಳಿಗ್ಗೆ ಸವಾರನೊಬ್ಬ ಊರಬಾಗಿಲಿನ ಮುಂದೆ ಕುದುರೆಯನ್ನು ನಿಲ್ಲಿಸದೆ, "ಉತ್ತರದಿಂದ ಬರ್ಬರರ ದಂಡು ಬರ್ತಿದೆ! ಸಂಜೆಯೊಳಗೆ ಬಾಗಿಲು ಹಾಕಿ ಅಗುಳಿ ಜಡೀರಿ!" ಎಂದು ಕೂಗಿ, ರಾಜಧಾನಿ ರಾವೆನ್ನಾದ ಕಡೆ ದೂಳೆಬ್ಬಿಸಿಕೊಂಡು ಹೋದ.

ಕಾವಲುಗಾರ ಲುಪಿಕಿನಸ್ ಬಾಯಲ್ಲಿದ್ದ ಈರುಳ್ಳಿಯನ್ನು ಹಾಗೇ ನುಂಗಿ ಎದ್ದ. ಊರಿಗಿದ್ದದ್ದು ಅದೊಂದೇ ಬಾಗಿಲು. ಎರಡು ಕದಗಳಿಗೂ ಹೆಗಲು ಕೊಟ್ಟು ನೂಕಿದ, ಮುಚ್ಚಿಕೊಂಡವು. ಅಗುಳಿ ಹಾಕೋಣವೆಂದು ತಿರುಗಿದರೆ ಅಗುಳಿಯೇ ಇಲ್ಲ! ಆರಾಳು ಹೊರುವ ಓಕ್ ಮರದ ತೊಲೆ, ಎರಡು ತುದಿಗೂ ಕಬ್ಬಿಣದ ಕಟ್ಟು, ಗೋಡೆಗೆ ಒರಗಿಸಿಟ್ಟದ್ದು, ಕಿವಿಯ ಓಲೆ ಕಳೆದುಹೋದ ಹಾಗೆ ಕಳೆದುಹೋಗಿತ್ತು.

ಯಾವಾಗ ಹೋಯಿತೋ ಅವನಿಗೂ ಗೊತ್ತಿರಲಿಲ್ಲ. ಒಂದು ಕಾಲಕ್ಕೆ ಬಾಗಿಲಿಗೆ ದೊಡ್ಡ ಕಾವಲುಪಡೆಯೇ ಇತ್ತು. ಕೆಲವರು ಸತ್ತರು, ಕೆಲವರು ಸನ್ಯಾಸಿಗಳಾದರು, ಉಳಿದವನು ಇವನೊಬ್ಬ. ಅಷ್ಟು ಭಾರದ ತೊಲೆಯನ್ನು ಒಬ್ಬನೇ ಎತ್ತುವುದು ಹೇಗೆ? ಕದಗಳನ್ನು ಮೇಕೆ ಕಟ್ಟುವ ಹಗ್ಗದಿಂದ ಬಿಗಿದು ಮನೆಗೆ ಹೋಗುವುದು ಅಭ್ಯಾಸವಾಗಿತ್ತು.

"ರೋಮ್ ಸಾಮ್ರಾಜ್ಯದ ಅಗುಳಿನೇ ಕದೀತಾರಲ್ಲ! ಇವರಿಗೇನು ಮಾನ ಮರ್ಯಾದೆ ಇದೆಯಾ?" ಅವನ ಮೈ ಉರಿದುಹೋಯಿತು.

ಎದುರಿಗೇ ರೊಟ್ಟಿ ಭಟ್ಟಿಯ ಪೋರ್ಫಿರಿಯಸ್ ಹಿಟ್ಟು ನಾದುತ್ತಿದ್ದ. ಲುಪಿಕಿನಸ್ ಅಂಗಡಿಗೆ ನುಗ್ಗಿದ.

"ಅಗುಳಿ ಯಾರು ಹೊತ್ಕೊಂಡು ಹೋದ್ರು, ನೋಡಿದೀಯಾ?"

"ಅಗುಳಿ ಹೋಗದೆ ಇನ್ನೇನಾಗುತ್ತಯ್ಯಾ?" ಪೋರ್ಫಿರಿಯಸ್ ಹಿಟ್ಟಿಗೆ ಒಂದು ಗುದ್ದು ಕೊಟ್ಟ. "ಈ ಸಾಮ್ರಾಜ್ಯ ಯಾಕೆ ಹಾಳಾಯ್ತು ಗೊತ್ತಾ? ತೆರಿಗೆ! ಒಲೆಗೆ ತೆರಿಗೆ, ಹೊಗೆಗೆ ತೆರಿಗೆ. ಹಿಂಡಿ ಹಿಂಡಿ ಜನಾನ ಕಳ್ಳರನ್ನಾಗಿ ಮಾಡಿಬಿಟ್ರು. ನಾನಾಗಿದ್ದಕ್ಕೆ ನಿಯತ್ತಾಗಿ ಬದುಕ್ತಿದೀನಿ."

ಲುಪಿಕಿನಸ್ ಭಟ್ಟಿಯ ಬಾಯಿಗೆ ಮುಚ್ಚಿದ್ದ ಕಬ್ಬಿಣದ ಹಲಗೆಯನ್ನೇ ನೋಡುತ್ತಿದ್ದ. "ಅದು ನಮ್ಮ ಬುರುಜಿನ ಕಿಟಕಿ ಬಾಗಿಲಲ್ವೇನೋ?"

"ಹೂಂ. ಮಳೇಲಿ ತುಕ್ಕು ಹಿಡೀತಿತ್ತು, ನೋಡೋಕಾಗ್ದೆ ತಂದು ಬೆಚ್ಚಗಿಟ್ಟಿದೀನಿ. ಉಪಕಾರ ಆಯ್ತು ಅಂತ ಒಂದು ದಿನ ಅಂದಿದೀಯಾ ನೀನು?" ಪೋರ್ಫಿರಿಯಸ್‌ಗೇ ಸಿಟ್ಟು ಬಂತು. "ಹೋಗಿ ಪಾದ್ರಿಗಳನ್ನ ಕೇಳು. ಇಗರ್ಜಿ ಸೂರಿಗೆ ಮರ ಬೇಕು ಅಂತ ಊರೆಲ್ಲ ಅಲೀತಿದ್ರು. ನಡಿ, ನಾನೂ ಬರ್ತೀನಿ, ನನಗೂ ನೋಡ್ಬೇಕು."

ಪಾದ್ರಿ ದಾಮಸಸ್ ಇಗರ್ಜಿಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದ್ದರು. ವಿಷಯ ಕೇಳಿ ಕಣ್ಣು ಮುಚ್ಚಿದರು.

"ಮಗನೇ, ಸಾಮ್ರಾಜ್ಯ ಬೀಳ್ತಿರೋದು ತೆರಿಗೆಯಿಂದಲ್ಲ. ಸ್ನಾನದಿಂದ! ಗಂಡಸರು ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿನೀರಲ್ಲಿ ನೆನೀತಾ ಕೂತ್ರೆ ದೇಶ ನೆನೆದ ರೊಟ್ಟಿ ಆಗದೆ ಇನ್ನೇನಾಗುತ್ತೆ?"

"ಗುರುಗಳೇ, ಊರ ಸ್ನಾನದ ಮನೆ ಎಲ್ಲಿದೆ ಈಗ? ಅದರ ಕಲ್ಲು ಕಿತ್ತು ನಿಮ್ಮ ಇಗರ್ಜಿಗೆ ಹಾಸಿದಾರಲ್ಲ!" ಎಂದ ಲುಪಿಕಿನಸ್.

"ಆ ಕಲ್ಲುಗಳಿಗೂ ಪ್ರಾಯಶ್ಚಿತ್ತ ಆಗ್ಲಿ ಅಂತ ಅದರ ಮೇಲೆ ಜನರನ್ನ ಮೊಣಕಾಲೂರಿಸ್ತಿದೀನಿ," ಎಂದರು ಪಾದ್ರಿಗಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ನಿನ್ನ ಅಗುಳಿ ನನ್ನ ಹತ್ರ ಇಲ್ಲಪ್ಪ. ಕೇಳಿದ್ದೆ, ಆದ್ರೆ ಪ್ರೋಬಾ ಅಮ್ಮಾವ್ರಿಗೆ ಮೊದಲೇ ಸಿಕ್ಕಿಬಿಟ್ಟಿತ್ತು."

"ಸಿಕ್ಕಿಬಿಟ್ಟಿತ್ತು ಅಂದ್ರೆ? ಅದೇನು ದಾರೀಲಿ ಬಿದ್ದಿರೋ ಅಣಬೆನಾ?" ಲುಪಿಕಿನಸ್ ಹೌಹಾರಿ ಓಡಿದ. ಅವನ ಹಿಂದೆ ಪೋರ್ಫಿರಿಯಸ್, ಅವನ ಹಿಂದೆ ನಿಲುವಂಗಿ ಎತ್ತಿಕೊಂಡು ಪಾದ್ರಿಗಳು, ಅವರ ಹಿಂದೆ ಕೆಲಸವಿಲ್ಲದ ಅರ್ಧ ಊರು. ದಾರಿಯುದ್ದಕ್ಕೂ ತೆರಿಗೆಯೋ ಸ್ನಾನವೋ ಎಂಬ ಜಗಳ.

ಪ್ರೋಬಾ ಅಮ್ಮ ಊರ ಹಿರಿಯರ ಸಭೆಯಲ್ಲಿದ್ದವರೊಬ್ಬರ ವಿಧವೆ. ಅವರ ತೋಟದಲ್ಲಿ ಅಗುಳಿ ಸಿಕ್ಕಿತು. ದ್ರಾಕ್ಷಿ ಚಪ್ಪರಕ್ಕೆ ಅಡ್ಡವಾಗಿ, ಮೈತುಂಬ ಬಳ್ಳಿ ಸುತ್ತಿಕೊಂಡು, ಮದುಮಗನ ಹಾಗೆ ನಿಗುರಿ ಮಲಗಿತ್ತು.

"ಅಮ್ಮಾವ್ರೇ, ಇದು ಊರಬಾಗಿಲ ಅಗುಳಿ! ಬರ್ಬರರು ಬರ್ತಿದಾರೆ!"

"ಆ ಬರ್ಬರರಿಂದಲೇ ಕಣಯ್ಯಾ ಎಲ್ಲ ಹಾಳಾಗಿದ್ದು," ಎಂದರು ಪ್ರೋಬಾ. "ತಲೆಗೆ ಹಳಸಿದ ಬೆಣ್ಣೆ ಬಳ್ಕೊಳ್ಳೋ ಜನ. ಅಂಥವರನ್ನ ಸೈನ್ಯಕ್ಕೆ ಸೇರಿಸ್ಕೊಂಡ್ರಲ್ಲ, ಅವತ್ತೇ ಮುಗೀತು. ಆದ್ರೆ ಮರ ಮಾತ್ರ ಕೊಡೋಲ್ಲ. ಕದ್ದಿದ್ದಲ್ಲ, ಕೊಂಡಿದ್ದು."

"ಯಾರ ಹತ್ರ?"

"ನಿನ್ನ ಹೆಂಡತಿ ಹತ್ರ. ಒಂದು ಹಂದಿ ತೊಡೆ ಕೊಟ್ಟಿದೀನಿ."

ಗುಂಪು ಸೀಳಿಕೊಂಡು ಅವನ ಹೆಂಡತಿ ಅಸೆಲ್ಲಾ ಮುಂದೆ ಬಂದಳು, ಸೊಂಟದ ಮೇಲೆ ಕೈಯಿಟ್ಟು. "ಹೌದ್ರೀ, ನಾನೇ ಕೊಟ್ಟೆ. ಈ ಸಾಮ್ರಾಜ್ಯದಿಂದ ನಿಮಗೆ ಸಂಬಳ ಬಂದು ಎಷ್ಟು ದಿನ ಆಯ್ತು? ಹಬ್ಬದ ದಿನ ಬಟ್ಟಲು ನೆಕ್ಕಿ ನೆಕ್ಕಿ ತಿಂದ್ರಲ್ಲ, ಅದು ಆಕಾಶದಿಂದ ಉದುರಿತ್ತಾ?"

ಜನ ಹೋ ಎಂದು ನಕ್ಕರು. ಲುಪಿಕಿನಸ್‌ನ ಕಿವಿಯ ತುದಿ ಕೆಂಡವಾಯಿತು. "ನಗ್ತೀರಾ? ನಗ್ರಿ! ಕಿಟಕಿ ನಿಂಗೆ, ಕಲ್ಲು ಅವರಿಗೆ, ತೊಲೆ ಇವರಿಗೆ! ಕಿತ್ಕೊಂಡು ತಿಂದೋರೆಲ್ಲ ನೀವೇ, ಪ್ರವಚನ ಕೊಡೋರೂ ನೀವೇ! ಸಂಜೆ ಕತ್ತಿ ಕುತ್ತಿಗೆಗೆ ಬಂದಾಗ ಅವರಿಗೂ ತೆರಿಗೆ ವಿಷಯ ಹೇಳ್ರಿ!"

ಕುತ್ತಿಗೆಯ ಮಾತು ನಾಟಿತು. ಊರಿಗೆ ಊರೇ ಒಮ್ಮೆಲೇ ಚಪ್ಪರದ ಮೇಲೆ ಬಿತ್ತು. ಪ್ರೋಬಾ ಅಮ್ಮ ಬಳ್ಳಿ ಹಿಡಿದು ಎಳೆದರು, ಜನ ತೊಲೆ ಹಿಡಿದು ಎಳೆದರು, ಚಪ್ಪರ ಪಾದ್ರಿಗಳ ತಲೆಯ ಮೇಲೆ ಕುಸಿಯಿತು. ಕೊನೆಗೆ ತೊಲೆ ಬೀದಿಗೆ ಬಂತು. ಆದರೆ ಬಾಗಿಲಿಗೆ ಹೋಗಲಿಲ್ಲ. ಪೋರ್ಫಿರಿಯಸ್ ತನಗೆ ಸೊಂಟನೋವೆಂದು ಸಣ್ಣ ತುದಿ ಬೇಡಿದ. ಪಾದ್ರಿಗಳು ಹೊರದೆ ಪ್ರಾರ್ಥನೆ ಮಾತ್ರ ಹೇಳುತ್ತೇನೆಂದರು. ಮೂಲೆಮನೆಯವರು ಬಂದರೆ ತಾವು ಮುಟ್ಟುವುದಿಲ್ಲವೆಂದು ಪಕ್ಕದ ಮನೆಯವರು ಹಟ ಹಿಡಿದರು. ಹತ್ತು ಹೆಜ್ಜೆಗೊಮ್ಮೆ ತೊಲೆ ಕೆಳಗಿಟ್ಟು, ಸಾಮ್ರಾಜ್ಯ ಯಾಕೆ ಹಾಳಾಯಿತೆಂದು ಹೊಡೆದಾಡಿ, ಮತ್ತೆ ಎತ್ತಿದರು.

ಬಿಸಿಲು ಇಳಿಯುವ ಹೊತ್ತಿಗೆ, ಅಡ್ಡ ತಿರುಗಿಸಲು ಜಾಗ ಸಾಲದೆ ಕದ ತೆರೆದಿದ್ದರಿಂದ, ತೊಲೆ ಬಾಗಿಲಿನಲ್ಲಿ ಸಿಕ್ಕಿಕೊಂಡಿತು, ಅರ್ಧ ಒಳಗೆ, ಅರ್ಧ ಹೊರಗೆ. ಜನ ಅದನ್ನು ತಿರುಗಿಸುವಾಗ ಎತ್ತ ತಿರುಗಿಸಬೇಕೆಂದು ಮತ್ತೆ ಜಗಳ ಹತ್ತಿತ್ತು.

ಆಗ ಹೊರಗಿನಿಂದ ಕುದುರೆಗಳ ಸದ್ದು ಕೇಳಿಸಿತು. ಲುಪಿಕಿನಸ್‌ನ ಜೀವ ಬಾಯಿಗೆ ಬಂತು. ನೋಡಿದರೆ ಕೆಂಚು ಮೀಸೆ, ಚರ್ಮದ ಚಲ್ಲಣ. ಉಸಿರು ಬಿಟ್ಟ. ನಮ್ಮ ಸೈನಿಕರೇ! ಸೈನ್ಯದಲ್ಲಿ ಬೇರೆ ತರದವರನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು.

"ಬೇಗ ಬನ್ರಪ್ಪಾ, ಒಂಚೂರು ಕೈ ಹಾಕ್ರಿ!" ಎಂದು ಕೂಗಿದ.

ಮುಂದಾಳು ಗುಂದಿಲ ಎಂಬವನು ಕುದುರೆಯಿಂದ ಇಳಿದ. ಏನೊಂದೂ ಕೇಳದೆ ಆರು ಜನರಿಗೆ ಕಣ್ಸನ್ನೆ ಮಾಡಿದ. ಅವರು ತೊಲೆಯನ್ನು ಎತ್ತಿ ಒಳಗೆ ತಂದರು. ಉಳಿದವರೆಲ್ಲ ಸಾಲಾಗಿ ಒಳಗೆ ಬಂದರು. ಕದ ಮುಚ್ಚಿತು. ಅಗುಳಿ ಗೋಡೆಯ ಗೂಡಿಗೆ ಧಡ್ಡನೆ ಕೂತಿತು. ಲುಪಿಕಿನಸ್ ಗುಂದಿಲನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು.

"ನೋಡಿ, ನೋಡಿ ಕಲೀರಿ!" ಊರಿನವರತ್ತ ತಿರುಗಿ ಗುಡುಗಿದ. "ಬೆಳಗಿಂದ ನಿಮ್ಮ ಕೈಲಾಗಿದ್ದು ಬರೀ ಬಾಯಿ. ಇವರು ಬಂದು ಊರು ಉಳಿಸಿದ್ರು!"

"ಯಾರಿಂದ ಉಳಿಸಿದ್ವಿ?" ಗುಂದಿಲ ಕೇಳಿದ.

"ಬರ್ಬರರಿಂದ ಸ್ವಾಮಿ! ಉತ್ತರದಿಂದ ಬರ್ತಿರೋ ದಂಡಿನಿಂದ!"

ಗುಂದಿಲ ಕಿವಿ ಕೆರೆದುಕೊಂಡ. "ಉತ್ತರದಿಂದ ಬಂದಿದ್ದು ನಾವೇ. ನಮ್ಮ ಹಿಂದೆ ಯಾರೂ ಇಲ್ಲವಲ್ಲ."

ಗುಂದಿಲ ಊರನ್ನೊಮ್ಮೆ ಸುತ್ತ ನೋಡಿದ. "ಹೆದರ್ಬೇಡಿ, ಯಾರನ್ನೂ ಮುಟ್ಟೋದಿಲ್ಲ. ಇವತ್ತಿಂದ ಇಲ್ಲಿ ಚಕ್ರವರ್ತಿ ಇಲ್ಲ, ಅಷ್ಟೇ. ಮನೆಗೆ ಹೋಗಿ ಊಟ ಮಾಡಿ." ಆಮೇಲೆ ಲುಪಿಕಿನಸ್‌ನ ಬೆನ್ನು ತಟ್ಟಿದ. "ನಿನ್ನ ಉಪಕಾರ ಮರೆಯೋದಿಲ್ಲಪ್ಪ. ಬಾಗಿಲಿಗೆ ನೀನೇ ಇರು. ಸಂಬಳ ಆಮೇಲೆ ನೋಡೋಣ."

ದಂಡು ಚೌಕದ ಕಡೆ ಹೋಯಿತು. ಊರು ನಿಧಾನವಾಗಿ ಲುಪಿಕಿನಸ್‌ನತ್ತ ತಿರುಗಿತು.

"ಸಾಮ್ರಾಜ್ಯ ಹಾಳಾಗಿದ್ದು ಇವನಿಂದ," ಎಂದ ಪೋರ್ಫಿರಿಯಸ್.

"ಇವನೊಬ್ಬನಿಂದ," ಎಂದರು ಪಾದ್ರಿಗಳು.

"ಕರೆದು ಒಳಗೆ ಬಿಟ್ಕೊಂಡ," ಎಂದರು ಪ್ರೋಬಾ ಅಮ್ಮ. ಮೂಲೆಮನೆಯವರೂ ಪಕ್ಕದ ಮನೆಯವರೂ ಜೊತೆಯಾಗಿ ತಲೆದೂಗಿದರು.

"ಅಯ್ಯೋ ನಿಮ್ಮ!" ಲುಪಿಕಿನಸ್ ಅರಚಿದ. "ಅಷ್ಟು ಚಕ್ರವರ್ತಿಗಳು, ಅಷ್ಟು ದಂಡನಾಯಕರು, ಸಮುದ್ರದ ಆಚೆ ಈಚೆ ಹಬ್ಬಿದ್ದ ರಾಜ್ಯ! ಅದನ್ನ ಕೆಡವೋಕೆ ನಾನೊಬ್ಬ ಸಾಕಾದ್ನೇನ್ರೋ? ನ್ಯಾಯವಾಗಿ ಹೇಳ್ರಿ!"

ಆ ಊರಿನಲ್ಲಿ ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು; ಅದನ್ನು ಕೆಡಿಸಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರೂ ಸಮಾಧಾನದಿಂದ ಊಟಕ್ಕೆ ಹೋದರು.