ನನ್ನ ದುಡ್ಡು, ನನಗೇ ಸಾಲ

ಆರ್ವಿಡ್: ನನ್ನ ದುಡ್ಡನ್ನೇ ನನಗೆ ಸಾಲ ಕೊಡ್ತೀರಾ ಮೇಡಂ?

ಡೆನೀಸ್: ಹೌದು. ಮುನ್ನೂರು ಡಾಲರ್ ಠೇವಣಿ ಇಡಿ, ಅಷ್ಟೇ ಮಿತಿಯ ಕಾರ್ಡ್ ಕೊಡ್ತೀವಿ.

ಆರ್ವಿಡ್: ಅಂದ್ರೆ ನನ್ನ ಕೋಟು ಬಿಚ್ಚಿ ನಿಮಗೆ ಕೊಟ್ಟು, ಅದನ್ನೇ ಬಾಡಿಗೆಗೆ ಹಾಕ್ಕೋಬೇಕು!

(ಡುಲೂತ್‌ನ ಸಹಕಾರಿ ಬ್ಯಾಂಕು, ಕೌಂಟರಿನಲ್ಲಿ ಡೆನೀಸ್. ನನ್ನ ಗೆಳೆಯ ಆರ್ವಿಡ್, ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು ಮೀನು ಹಿಡಿಯುವವರಿಗೆ ಗಾಳದ ಸಾಮಾನು ಮಾರುತ್ತಿದ್ದ. ಸಾಲು ಸಾಲು ಚಳಿಗಾಲ ಸರೋವರ ಸರಿಯಾಗಿ ಹೆಪ್ಪುಗಟ್ಟಲಿಲ್ಲ, ಅಂಗಡಿ ದಿವಾಳಿಯಾಯಿತು. ಅಂದಿನಿಂದ ನಮ್ಮ ಮನೆಯ ಸೋಫಾವೇ ಅವನ ವಿಳಾಸ. ಬಾಡಿಗೆ ಮನೆ ಕೇಳಿದರೆ, 'ಮೊದಲು ಕ್ರೆಡಿಟ್ ಸ್ಕೋರ್ ಸರಿಮಾಡಿಕೊಂಡು ಬಾ' ಎಂದಿದ್ದಳು ಒಡತಿ.)

ಡೆನೀಸ್: ಸ್ವಲ್ಪ ಖರ್ಚು ಮಾಡಿ, ತಿಂಗಳು ತಿಂಗಳು ತೀರಿಸಿ.

ಆರ್ವಿಡ್: ಖರ್ಚೇ ಮಾಡಲ್ಲ. ದಿವಾಳಿ ಕೋರ್ಟಿನ ಜಡ್ಜ್ ಮುಂದೆ ಬುದ್ಧಿ ಕಲಿತಿದೀನಿ.

ಡೆನೀಸ್: ಮಾಡದಿದ್ರೆ ಸ್ಕೋರ್ ಏರಲ್ಲ.

ಆರ್ವಿಡ್: ಸರಿ, ಪೂರ್ತಿ ಉಡಾಯಿಸ್ತೀನಿ.

ಡೆನೀಸ್: ಅಯ್ಯೋ, ಆಗ ಇಳಿಯುತ್ತೆ!

ಆರ್ವಿಡ್: ಉಪ್ಪಿನ ಹಾಗೆ ಚಿಟಿಕೆ ಹಾಕ್ಕೋಬೇಕು ಅನ್ನಿ. ನಾನು ಮೂಟೆ ಸುರಿದಿದ್ದೆ.

(ಹಿಂದೆ ನಿಂತವರು ಕೆಮ್ಮಿದರು.)

ಡೆನೀಸ್: ಇನ್ನೊಂದು ದಾರಿ ಇದೆ. ಒಳ್ಳೆ ಹೆಸರಿರೋರು ತಮ್ಮ ಕಾರ್ಡಿಗೆ ನಿಮ್ಮನ್ನ ಸೇರಿಸಿಕೊಂಡ್ರೆ ಬೇಗ ಏರುತ್ತೆ.

ಆರ್ವಿಡ್: ಇಗೋ, ಇಲ್ಲೇ ಇದಾನಲ್ಲ ರೀನೋ! ಹುಟ್ಟಿದಾಗಿಂದ ಒಂದು ಸೆಂಟೂ ಸಾಲ ಮಾಡಿಲ್ಲ. ಇವನ ಸ್ಕೋರ್ ನೋಡಿ, ಕಣ್ಣು ಕುಕ್ಕುತ್ತೆ!

(ನಾನು ಎದೆಯುಬ್ಬಿಸಿ ಗುರುತಿನ ಚೀಟಿ ಕೊಟ್ಟೆ. ಡೆನೀಸ್ ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು.)

ಡೆನೀಸ್: ಸರ್, ನೀವು... ಇಲ್ಲ.

ನಾನು: ಇಲ್ಲ ಅಂದ್ರೆ?

ಡೆನೀಸ್: ಸಾಲವೇ ಮಾಡಿಲ್ವಲ್ಲ, ಸ್ಕೋರೇ ಇಲ್ಲ. ನೀವು ಇದೀರ ಅಂತಾನೇ ಇದಕ್ಕೆ ಗೊತ್ತಿಲ್ಲ.

ಆರ್ವಿಡ್: ಏನೋ ರೀನೋ, ಇಷ್ಟು ದಿನ ನಾನು ಮಲಗಿದ್ದು ದೆವ್ವದ ಮನೇಲಾ?

(ಅವನು ನಕ್ಕ ನಗೆಗೆ ಕಾವಲುಗಾರ ಒಳಗೆ ಇಣುಕಿದ.)

ನಾನು: ನಗಬೇಡ ಕಣೋ. ಜನ ನೋಡ್ತಿದಾರೆ.

ಆರ್ವಿಡ್: ನೋಡ್ಲಿ ಬಿಡು, ನೀನು ಹೇಗಿದ್ರೂ ಕಾಣಲ್ವಲ್ಲ! ಮೇಡಂ, ತಗೊಳ್ಳಿ ಠೇವಣಿ. ನನ್ನದು ಕೆಟ್ಟ ಹೆಸರಾದ್ರೂ ಹೆಸರು ಅಂತ ಒಂದಿದೆ. ಮೊದಲು ಮನೆ ಹಿಡೀತೀನಿ, ಆಮೇಲೆ ಇವನನ್ನೂ ನನ್ನ ಕಾರ್ಡಿಗೆ ಸೇರಿಸ್ಕೊಂಡು ಬದುಕಿಸ್ತೀನಿ.

ಮರು ವರ್ಷ ಮನೆ ಹಿಡಿದ. ನನ್ನನ್ನೂ ಸೇರಿಸಿಕೊಂಡ. ಬ್ಯಾಂಕಿನ ಲೆಕ್ಕದಲ್ಲಿ ನಾನೀಗ ಇದ್ದೇನೆ.

ನನ್ನನ್ನು ಬದುಕಿಸಿದವನೇ ಬದುಕಿಲ್ಲ.